ಕಟ್ಟಿಗೆ ಕಡಿಯುವ ಸುಖ

ಕಟ್ಟಿಗೆ ಕಡಿಯುವುದೆಂದರೆ ನನಗೆ ಎಲ್ಲಿಲ್ಲದ ಪ್ರೀತಿ. ಈ ಮಾತನ್ನು ನಾಲ್ಕು ಜನರ ಮುಂದೆ ಆಡಿದರೆ ನನ್ನ ಹೆಂಡತಿ ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಾಳೆ. ನಗುವುದು ನ್ಯಾಯವೇ. ನಮ್ಮ ಮನೆಯಲ್ಲಿ ಕೊಡಲಿಯೇ ಇಲ್ಲ. ಹಿತ್ತಲಿನ ನುಗ್ಗೆಯ ಟೊಂಗೆ ಬಾಗಿದರೂ ಆಳು ಕರೆಸುವ ಮನುಷ್ಯ ನಾನು. ನಾನು ಕಡಿಯುವ ಮರಗಳಿರುವುದು ಡ್ರೇನರ್ ಎಂಬ ಹಳ್ಳಿಯಲ್ಲಿ, ಅಲ್ಲಿನ ಬ್ಯಾಂಕಿನಿಂದ ನಾಲ್ಕು ಹೆಜ್ಜೆ ಆಚೆ, ನೀರಿನ ದಂಡೆಗೆ. ವಿಲೋ ಜಾತಿಯ ಮರಗಳು, ಟೊಂಗೆಗಳೆಲ್ಲ ನೆಲದ ಕಡೆ ಜೋತುಬಿದ್ದಿರುತ್ತವೆ. ಈ ಡ್ರೇನರ್‌ಗೆ ಹುಬ್ಬಳ್ಳಿಯ ಹಳೇ ಬಸ್‌ಸ್ಟ್ಯಾಂಡಿನಿಂದಾಗಲಿ ಹೊಸ ಬಸ್‌ಸ್ಟ್ಯಾಂಡಿನಿಂದಾಗಲಿ ಗಾಡಿ ಇಲ್ಲ. ಅದು ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟದೊಳಗಿನ ಊರು. ಜಗತ್ತಿನ ಎಲ್ಲೆಲ್ಲಿಯದೋ ಜನ ಒಂದೊಂದು ವೇಷ ತೊಟ್ಟು ಒಂದೇ ಹೊತ್ತಿಗೆ ಅಲ್ಲಿ ಓಡಾಡುತ್ತಿರುತ್ತಾರೆ.

ಮೊನ್ನೆ ಅಕ್ಕನ ಮಗ ಬಂದಿದ್ದ. ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. ನಾನು ಊಟ ಮುಗಿಸಿ ಫೋನ್ ಹಿಡಿದು ಕೂತದ್ದನ್ನು ನೋಡಿ ಬಂದು ಇಣುಕಿದ.

“ಮಾಮಾ, ಏನ್ ಮಾಡಾಕತ್ತೀ?”

“ಕಟ್ಟಿಗಿ ಕಡ್ಯಾಕತ್ತೀನಿ.”

“ಕಡದ ಏನ್ ಮಾಡ್ತೀ?”

“ಬ್ಯಾಂಕಿನ್ಯಾಗ ಇಡ್ತೀನಿ.”

“ಆಮ್ಯಾಲ?”

“ಆಮ್ಯಾಲ ಮತ್ತ ಕಡೀತೀನಿ.”

ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಗುಂಡು ಹಾರಿಸುವ, ಬಾಂಬು ಎಸೆಯುವ ಆಟಗಳಲ್ಲಿ ಬೆಳೆದವನು. ಅವನ ಆಟ ಅರ್ಧ ಗಂಟೆಯಲ್ಲಿ ಗೆದ್ದೋ ಸೋತೋ ಮುಗಿಯುತ್ತದೆ. “ಇದನ್ನ ಆಡೂದರಾಗ ಏನರ ಅರ್ಥ ಐತೇನು ಮಾಮಾ?” ಎಂದ. ಚೇಷ್ಟೆಗೆ ಕೇಳಿದ್ದಲ್ಲ. ಅವನ ಗೆಳೆಯರು ಯಾವುದೋ ಇಂಥದೇ ಆಟಕ್ಕೆ ಕರೆಯುತ್ತಿದ್ದಾರಂತೆ, ಸೇರಬೇಕೋ ಬೇಡವೋ ಎಂಬ ಗೊಂದಲ. ನಾನು ಆಗ “ಕುಂದರ್ ಬಾ, ಹೇಳ್ತೀನಿ” ಎಂದೆನಾದರೂ ಅವನಿಗೆ ಕ್ಲಾಸಿನ ಹೊತ್ತಾಗಿತ್ತು. ಹೇಳಬೇಕಾದದ್ದು ನನ್ನ ಬಳಿಯೇ ಉಳಿಯಿತು.

ಮೊದಲು ಕೆಲಸ ಹೇಗೆ ನಡೆಯುತ್ತದೆ ಎನ್ನುವುದು ತಿಳಿಯಬೇಕು. ನಿಮ್ಮ ವೇಷಧಾರಿಯ ಕೈಯಲ್ಲಿ ಕೊಡಲಿ ಇದೆ. ಮರವನ್ನು ಒಮ್ಮೆ ಒತ್ತಿದರೆ ಅವನು ಕಡಿಯಲು ಹತ್ತುತ್ತಾನೆ. ಟಕ್, ಟಕ್. ತುಸು ಹೊತ್ತಿಗೆ ಒಂದು ತುಂಡು ಚೀಲಕ್ಕೆ ಬಂದು ಬೀಳುತ್ತದೆ. ಚೀಲದಲ್ಲಿ 28 ಖಾನೆ. ಅಷ್ಟೂ ತುಂಬಿದ ಮೇಲೆ ಬ್ಯಾಂಕಿಗೆ ನಡೆದು, ಇಟ್ಟು, ತಿರುಗಿ ಬರಬೇಕು. ವಿಲೋದ ಒಂದು ತುಂಡಿಗೆ 67.5 ಅಂಕ, ಆಟಗಾರರ ಬಾಯಲ್ಲಿ ಇದು ಎಕ್ಸ್‌ಪಿ. ಈ ವಿದ್ಯೆಯ ಕೊನೆಯ ಮೆಟ್ಟಿಲು 99ನೇ ಲೆವೆಲ್. ಅದಕ್ಕೆ ಬೇಕಾದದ್ದು 1,30,34,431 ಎಕ್ಸ್‌ಪಿ. ವಿಲೋ ಒಂದನ್ನೇ ನಂಬಿ ಕೂತರೆ ಸುಮಾರು 1 ಲಕ್ಷ 93 ಸಾವಿರ ತುಂಡು ಕಡಿಯಬೇಕು. ಇನ್ನೊಂದು ಚಮತ್ಕಾರವಿದೆ: ಮೇಲೇರಿದಂತೆ ಮೆಟ್ಟಿಲು ದೊಡ್ಡದಾಗುತ್ತ ಹೋಗುವುದರಿಂದ 92ನೇ ಲೆವೆಲ್ ಮುಟ್ಟಿದಾಗ ಹೆಚ್ಚುಕಡಿಮೆ ಅರ್ಧ ದಾರಿ ಬಂದಿರುತ್ತೀರಿ. ಉಳಿದ ಏಳು ಲೆವೆಲ್ಲಿಗೆ ಇನ್ನೊಂದು ಅಷ್ಟೇ ದುಡಿತ.

ಕಡಿದದ್ದನ್ನು ಸುಡಲೂಬಹುದು. ಬೆಂಕಿ ಹಚ್ಚುವುದೇ ಒಂದು ಪ್ರತ್ಯೇಕ ವಿದ್ಯೆ. ವಿಲೋದ ತುಂಡು ಕಡಿದರೆ 67.5 ಸಿಕ್ಕಿತಲ್ಲ, ಅದೇ ತುಂಡು ಸುಟ್ಟರೆ 90. ದುಡಿದು ತಂದವನಿಗಿಂತ ಬೆಂಕಿ ಇಟ್ಟವನಿಗೆ ಹೆಚ್ಚು ಮರ್ಯಾದೆ. ಆಟ ಮಾಡಿದವರಿಗೆ ಲೋಕಜ್ಞಾನವಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಬ್ಯಾಂಕಿನ ಎದುರು ಸಾಲಾಗಿ ಬೆಂಕಿ ಹಚ್ಚುತ್ತ ಹಿಂದೆ ಹಿಂದೆ ಸರಿಯುವ ಜನರನ್ನು ನೋಡುವುದೇ ಒಂದು ನೋಟ. ಆ ಬೆಂಕಿಯಲ್ಲಿ ಯಾರೋ ಒಬ್ಬರು ಬಂದು ಮೀನು ಬೇಯಿಸಿಕೊಳ್ಳುತ್ತಾರೆ. ಹಚ್ಚಿದವನು ಯಾರು, ಬೇಯಿಸಿದವನು ಯಾರು, ಯಾರಿಗೂ ಗೊತ್ತಿಲ್ಲ. ಒಂದು ಥ್ಯಾಂಕ್ಸ್ ಬೀಳುತ್ತದೆ, ಒಮ್ಮೊಮ್ಮೆ ಅದೂ ಇಲ್ಲ.

ಕತ್ತಿ, ಗುರಾಣಿ, ಡ್ರ್ಯಾಗನ್ ಎಲ್ಲ ಅಲ್ಲಿವೆ. ಆದರೆ ಈ ಆಟದ ಒಳಗೆ ಕಾಲಿಟ್ಟವನಿಗೆ ಎದುರಾಗುವ ಮೊದಮೊದಲ ಸಾಹಸ ಯಾವುದು ಗೊತ್ತೇ? ಲುಂಬ್ರಿಜ್ ಕೋಟೆಯ ಅಡಿಗೆಯವನಿಗೆ ಕೇಕಿನ ಸಾಮಾನು ತಂದುಕೊಡುವುದು. ದೊರೆಯ ಹುಟ್ಟುಹಬ್ಬ, ಅಡಿಗೆಯವನು ಕಂಗಾಲಾಗಿ ನಿಂತಿದ್ದಾನೆ. ಒಂದು ತತ್ತಿ, ಒಂದು ಬಕೀಟು ಹಾಲು, ಒಂದು ಗಡಿಗೆ ಹಿಟ್ಟು ಬೇಕು. ಹಾಲಿಗೆ ಆಕಳನ್ನು ಹುಡುಕಿಕೊಂಡು ಹೋಗಿ ಹಿಂಡಬೇಕು. ಹಿಟ್ಟಿಗೆ ಗೋಧಿಯ ತೆನೆ ಕಿತ್ತು, ಗಾಳಿಗಿರಣಿಯ ಮೇಲಿನ ಅಟ್ಟಕ್ಕೆ ಏರಿ ಸುರಿದು, ಹಿಡಿಕೆ ಜಗ್ಗಿ, ಕೆಳಗಿಳಿದು ಬಂದು ತುಂಬಿಕೊಳ್ಳಬೇಕು. ರಾಕ್ಷಸರನ್ನು ಕೊಲ್ಲಲು ಬಂದ ವೀರನನ್ನು ಮೊದಲು ಗಿರಣಿಗೆ ಕಳಿಸುವ ಆಟ ಇದು. ನನಗೆ ಅಲ್ಲೇ ಮನಸ್ಸು ನಿಂತಿತು. ನಮ್ಮವ್ವನೂ ಆಟಕ್ಕೆ ಹೊರಟವನನ್ನು ತಡೆದು ಕೈಗೆ ಜೋಳದ ಡಬ್ಬಿ ಕೊಟ್ಟು ಗಿರಣಿಗೇ ಕಳಿಸುತ್ತಿದ್ದಳು.

ನಾನು ಇದನ್ನು ಮೊದಲು ಆಡಿದ್ದು ಒಂದು ಸೈಬರ್ ಕೆಫೆಯಲ್ಲಿ. ಆಗ ವಿದ್ಯಾನಗರದ ಕಾಲೇಜಿನ ಆಸುಪಾಸು, ಕೊಪ್ಪೀಕರ್ ರೋಡಿನ ಸಂದಿಗಳಲ್ಲಿ, ಧಾರವಾಡದ ಸಪ್ತಾಪುರದಲ್ಲಿ ಎಲ್ಲ ಕಡೆ ಸೈಬರ್‌ಗಳು. ಪ್ಲೈವುಡ್ಡಿನ ಗೂಡು, ಮಾಸಿದ ಪರದೆ, ಕುಂತರೆ ಒಂದು ಕಡೆ ವಾಲುವ ಖುರ್ಚಿ. 2004ರಲ್ಲಿ ರಾಜ್ಯ ಸರಕಾರ ಸೈಬರ್‌ಗಳಿಗೆಂದೇ ನಿಯಮ ಮಾಡಿತು: ಬಂದವರ ಗುರುತು ನೋಡಬೇಕು, ರಿಜಿಸ್ಟರಿನಲ್ಲಿ ಹೆಸರು ಬರೆಸಬೇಕು. ಅಲ್ಲಿ ಹೆಸರು, ವಿಳಾಸ ಎಲ್ಲ ಖರೇದು ಬರೆದು ಸಹಿ ಹಾಕಿ, ಒಳಗೆ ಹೋಗಿ ಕೂತ ಮೇಲೆ ಇನ್ನೊಬ್ಬನಾಗುವುದು ನಮ್ಮ ದಿನಚರಿ.

ಸೈಬರ್‌ನ ಕಂಪ್ಯೂಟರಿನಲ್ಲಿ ಯಾವ ಆಟವನ್ನೂ ಹಾಕಿಕೊಳ್ಳಲು ಮಾಲೀಕ ಬಿಡುತ್ತಿರಲಿಲ್ಲ. ರೂನ್‌ಸ್ಕೇಪ್ ಗೆದ್ದದ್ದು ಅಲ್ಲಿಯೇ. ಅದು ಬ್ರೌಸರಿನೊಳಗೇ ತೆರೆದುಕೊಳ್ಳುತ್ತಿತ್ತು. ಸಿಡಿ ಬೇಡ, ಇನ್‌ಸ್ಟಾಲ್ ಬೇಡ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಆಂಡ್ರ್ಯೂ ಗೋವರ್ ಎಂಬ ಹುಡುಗ ತನ್ನ ಸಹೋದರ ಪಾಲ್ ಜತೆ ಸೇರಿ ಜಾವಾದಲ್ಲಿ ಬರೆದ ಆಟ. 2001ರ ಜನವರಿ 4ರಂದು ಹೊರಗೆ ಬಂತು. ದುಡ್ಡು ಕೊಟ್ಟವರಿಗೆ ಹೆಚ್ಚಿನ ಊರುಗಳು, ಕೊಡದವರಿಗೆ ಒಂದಿಷ್ಟು ಊರುಗಳು. ನಾವು ಪುಕಟದ ಪ್ರಜೆಗಳು. ಕೊಡಬೇಕೆಂದರೂ ಕೊಡಲು ನಮ್ಮಲ್ಲಿ ಯಾರ ಹತ್ತಿರವೂ ಕ್ರೆಡಿಟ್ ಕಾರ್ಡ್ ಇರಲಿಲ್ಲ.

ಅದೇ ಕಾಲದಲ್ಲಿ, 2004ರ ನವೆಂಬರಿನಲ್ಲಿ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂತು. ಇಂಥ ಆಟಗಳಲ್ಲೆಲ್ಲ ದೊಡ್ಡಣ್ಣ. 2010ರ ಹೊತ್ತಿಗೆ ತಿಂಗಳ ಚಂದಾ ಕೊಡುವವರೇ 1 ಕೋಟಿ 20 ಲಕ್ಷ ಜನ. ನೋಡಲು ಬಲು ಚೆಂದ. ಆದರೆ ತಿಂಗಳಿಗೆ ಸುಮಾರು 15 ಡಾಲರ್, ಆಗಿನ ಲೆಕ್ಕದಲ್ಲಿ 650 ರೂಪಾಯಿ. ಹಾಸ್ಟೆಲಿನ ಹುಡುಗನ ಅರ್ಧ ತಿಂಗಳ ಊಟ ಅದು. ಅದಕ್ಕಿಂತ ಕಷ್ಟದ್ದು ಹಾಜರಿ. ಅದರ ದೊಡ್ಡ ಕಾಳಗಗಳಿಗೆ ಆಗ 40 ಜನ ಒಟ್ಟಿಗೆ ಕೂಡಬೇಕು. ನಮ್ಮ ದೇಶದಲ್ಲಿ ಅದರ ಸರ್ವರ್ ಇರಲಿಲ್ಲ, ಯುರೋಪಿನವರ ಜತೆ ಆಡಬೇಕು. ಅವರ ಸಂಜೆ 8 ಎಂದರೆ ನಮಗೆ ನಡುರಾತ್ರಿ. ಒಬ್ಬ ತಪ್ಪಿಸಿಕೊಂಡರೆ ಉಳಿದ 39 ಜನ ಹಲ್ಲು ಕಡಿಯುತ್ತಾರೆ. ಆಫೀಸಿನಲ್ಲಿ ಇಲ್ಲದ ಶಿಸ್ತನ್ನು ಆಟದಲ್ಲಿ ಪಾಲಿಸಬೇಕೆಂದರೆ ನನಗೆ ಅದು ಆಗದ ಮಾತು.

ನನ್ನ ಮರಗಳಿಗೆ ಹಾಜರಿಯಿಲ್ಲ. ಅಷ್ಟೇ ಅಲ್ಲ, ನಮ್ಮ ಊರಿನ ಇಂಟರ್ನೆಟ್ಟಿನ ಮೇಲೆ ಅವುಗಳಿಗೆ ಸಿಟ್ಟೂ ಇಲ್ಲ. ಇದು ಸ್ವಲ್ಪ ಒಳಗಿನ ಸಂಗತಿ. ಗುಂಡು ಹೊಡೆಯುವ ಆಟಗಳಲ್ಲಿ ಕಣ್ಣುರೆಪ್ಪೆ ಬಡಿಯುವಷ್ಟು ತಡವಾದರೂ ಸತ್ತಿರಿ. ರೂನ್‌ಸ್ಕೇಪ್‌ನ ಲೋಕ ಮಾತ್ರ 0.6 ಸೆಕೆಂಡಿಗೆ ಒಂದು ಸಲ ಉಸಿರಾಡುತ್ತದೆ. ನೀವು ಏನೇ ಒತ್ತಿ, ಅದು ಮುಂದಿನ ಉಸಿರಿಗೇ ಆಗುವುದು. ಲಂಡನ್ನಿನವನು ಒತ್ತಿದ್ದು ಬೇಗ ಮುಟ್ಟುತ್ತದೆ, ಹುಬ್ಬಳ್ಳಿಯವನು ಒತ್ತಿದ್ದು ಸಮುದ್ರದಾಚೆ ಹೋಗಿ ಮುಟ್ಟಲು ಕಾಲು ಸೆಕೆಂಡು ತಡ. ಆದರೂ ಇಬ್ಬರ ಕೊಡಲಿಯೂ ಒಂದೇ ತಾಳಕ್ಕೆ ಬೀಳುತ್ತದೆ. ಡಯಲ್‌ಅಪ್ ಕಾಲದ ಜನರನ್ನು ಕಣ್ಣ ಮುಂದಿಟ್ಟುಕೊಂಡು ಕಟ್ಟಿದ್ದು ಎಂದು ಕಾಣುತ್ತದೆ. ನಮಗೆ ಅದು ವರವಾಯಿತು.

ಮುಂದೆ 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು. ಅದರದೊಂದು ಪ್ಲಾನ್ ನಮ್ಮ ಪೀಳಿಗೆಯ ಹುಡುಗರಿಗೆ ನೆನಪಿರಲೇಬೇಕು: ರಾತ್ರಿ 2ರಿಂದ ಬೆಳಗಿನ 8ರವರೆಗೆ ಎಷ್ಟು ಬಳಸಿದರೂ ಲೆಕ್ಕಕ್ಕಿಲ್ಲ. ಹಗಲಲ್ಲಿ ಎಂಬಿ ಎಣಿಸಿ ಜೀವ ಹಿಡಿದಿದ್ದ ಹುಡುಗರು ಅಲಾರಂ ಇಟ್ಟು ಎರಡಕ್ಕೆ ಏಳುತ್ತಿದ್ದರು. ನಸುಕಿನಲ್ಲಿ ಎದ್ದು ಕೂತ ಮಗನನ್ನು ನೋಡಿ ಓದುತ್ತಿದ್ದಾನೆಂದು ಚಹಾ ಮಾಡಿಕೊಟ್ಟ ತಾಯಂದಿರು ಅವಳಿ ನಗರದಲ್ಲಿ ಬಹಳ ಮಂದಿ ಇದ್ದಿರಬೇಕು. ಆ ಪುಣ್ಯಾತಗಿತ್ತಿಯರಿಗೆ ನನ್ನ ನಮಸ್ಕಾರ.

ಈಗ ಸುಖದ ವಿಷಯಕ್ಕೆ ಬರುತ್ತೇನೆ. ಬೇಸಿಗೆ ಬಂತೆಂದರೆ ನಮ್ಮ ಓಣಿಯ ಹೆಂಗಸರು ಒಂದು ಮನೆಯ ಪಡಸಾಲೆಯಲ್ಲಿ ಕೂಡಿ ಶ್ಯಾವಿಗೆ ಹೊಸೆಯುತ್ತಿದ್ದರು. ಕೈ ತನ್ನ ಪಾಡಿಗೆ ಹೊಸೆಯುತ್ತದೆ, ಬಾಯಿ ತನ್ನ ಪಾಡಿಗೆ ಊರ ಸುದ್ದಿ ಹೇಳುತ್ತದೆ. ಬರೀ ಮಾತಾಡಲೆಂದು ಅವರನ್ನು ಕರೆದು ಕೂಡ್ರಿಸಿದ್ದರೆ ಅರ್ಧ ತಾಸಿಗೆ ಎದ್ದು ಹೋಗುತ್ತಿದ್ದರು. ಬರೀ ಹೊಸೆಯಲೆಂದು ಒಬ್ಬಳನ್ನೇ ಬಿಟ್ಟಿದ್ದರೆ ಬೇಸತ್ತು ಬಿಡುತ್ತಿದ್ದಳು. ಎರಡೂ ಕೂಡಿದ್ದಕ್ಕೆ ಮಧ್ಯಾಹ್ನ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಡ್ರೇನರ್‌ನ ಮರದ ಬುಡದಲ್ಲಿ ನಡೆಯುವುದು ಇದೇ. ಒಂದೇ ಮರಕ್ಕೆ ಆರೇಳು ಜನ ಮುಗಿಬಿದ್ದು ಕಡಿಯುತ್ತಿರುತ್ತಾರೆ. ಮಾತಾಡಿದರೆ ತಲೆಯ ಮೇಲೆ ಹಳದಿ ಅಕ್ಷರ ಮೂಡಿ ಮಾಯವಾಗುತ್ತದೆ. ಒಬ್ಬನಿಗೆ ನಾಳೆ ಪರೀಕ್ಷೆ. ಇನ್ನೊಬ್ಬಳು ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದವಳು. ಮತ್ತೊಬ್ಬ ಬರೀ ನಗುತ್ತಾನೆ, ಬೇರೇನೂ ಬರೆಯುವುದಿಲ್ಲ; ಆದರೆ ಅವನು ಒಂದು ವಾರ ಕಾಣದಿದ್ದರೆ ಉಳಿದವರು ಕೇಳುತ್ತಾರೆ. ಯಾರಿಗಾದರೂ ಲೆವೆಲ್ ಏರಿದರೆ ತಲೆಯ ಮೇಲೆ ಪಟಾಕಿ ಹಾರಿ ಒಂದು ತುಣುಕು ಸಂಗೀತ ಬರುತ್ತದೆ, ಎಲ್ಲರೂ ‘ಗ್ರ್ಯಾಟ್ಸ್’ ಎನ್ನುತ್ತಾರೆ. ಅದಕ್ಕಿಂತ ಹೆಚ್ಚಿನದೇನೂ ಆಗುವುದಿಲ್ಲ. ಆಗಬಾರದು ಕೂಡ.

2006ರ ಸುಮಾರಿಗೆ ನನ್ನ ಪಕ್ಕ ದಿನಾಲೂ ಒಬ್ಬ ಕಡಿಯುತ್ತಿದ್ದ. ಮಾತುಮಾತಿಗೆ ‘ಮೇಟ್’ ಎನ್ನುತ್ತಿದ್ದುದರಿಂದ ಆಸ್ಟ್ರೇಲಿಯಾದವನೆಂದು ತಿಳಿದಿದ್ದೆ. ನಾನೂ ನನ್ನ ಕಾಲೇಜಿನ ಇಂಗ್ಲಿಷನ್ನೆಲ್ಲ ಒರೆಗೆ ಹಚ್ಚಿ ಅವನೊಂದಿಗೆ ಹವೆಯ ಬಗ್ಗೆ, ಕ್ರಿಕೆಟ್ಟಿನ ಬಗ್ಗೆ ಮಾತಾಡುತ್ತಿದ್ದೆ. ಆಗಿನ ಆಟದಲ್ಲಿ ಒಂದು ಕಾಟವಿತ್ತು. ಮನುಷ್ಯರ ಬದಲು ಯಂತ್ರದ ಕೈಲಿ ಆಡಿಸುವ ಕಳ್ಳರನ್ನು ಹಿಡಿಯಲು ಮರವೇ ಒಮ್ಮೊಮ್ಮೆ ಜೀವ ತಳೆದು ಮುಖ ತೋರಿಸುತ್ತಿತ್ತು. ಎಚ್ಚರವಿದ್ದವನು ಕೂಡಲೇ ಕೈಬಿಡಬೇಕು. ಕಡಿಯುತ್ತಲೇ ಇದ್ದರೆ ಕೊಡಲಿ ಮುರಿಯುತ್ತದೆ. ಒಂದು ಸಂಜೆ ಅವನ ಕೊಡಲಿ ಹಾಗೆ ಮುರಿಯಿತು. ತಲೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಮೂಡಿದ್ದು: “ಅಯ್ಯೋ ಶಿವನ!”

ನಾನು ಬರೆದೆ: “ಎಲ್ಲ್ಯಾಂವಪಾ ನೀ?”

ಒಂದು ಕ್ಷಣ ಏನೂ ಇಲ್ಲ. ಆಮೇಲೆ: “ಧಾರವಾಡ. ನೀ?”

“ಹುಬ್ಬಳ್ಳಿ. ವಿದ್ಯಾನಗರ.”

“ಥೂ ನಿನ್ನ! ಇಷ್ಟ ದಿನಾ ಸುಮ್ನ ಇಂಗ್ಲಿಷ್ ಹೊಡದೆವಲ್ಲೋ!”

ಮುರಿದ ಕೊಡಲಿಯನ್ನು ಲುಂಬ್ರಿಜ್‌ನಲ್ಲಿ ಬಾಬ್ ಎಂಬವನ ಅಂಗಡಿಯಲ್ಲಿ ರಿಪೇರಿ ಮಾಡಿಸಿಕೊಳ್ಳಬಹುದಿತ್ತು. ಅಲ್ಲಿಯವರೆಗೆ ಇಬ್ಬರೂ ಕೂಡಿ ನಡೆದೆವು, ದಾರಿಯುದ್ದಕ್ಕೂ ಕನ್ನಡ. ಅವನು ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ. ದಿನವಿಡೀ ನಿಜವಾದ ಗಿಡಮರಗಳ ಪಾಠ ಕೇಳಿ ಸಂಜೆ ಸುಳ್ಳುಮರ ಕಡಿಯಲು ಬರುತ್ತಿದ್ದ ಮಹಾರಾಯ.

ಒಂದು ಭಾನುವಾರ ಬಸ್ಸು ಹತ್ತಿ ಧಾರವಾಡಕ್ಕೆ ಹೋದೆ. ಲೈನ್ ಬಜಾರಿನ ಪೇಡೆ ಅಂಗಡಿಯ ಮುಂದೆ ಭೆಟ್ಟಿ. ಕೈ ಕುಲುಕಿದೆವು, ಪೇಡೆ ತಿಂದೆವು, ಚಹಾ ಕುಡಿದೆವು. ಮಾತೇ ಹುಟ್ಟಲಿಲ್ಲ. “ಮತ್ತ?” ಎಂದ. “ಮತ್ತೇನಿಲ್ಲ” ಎಂದೆ. “ಮಳಿ ಬರೂಹಂಗ ಐತಿ” ಎಂದು ಇಬ್ಬರೂ ಆಕಾಶ ನೋಡಿದೆವು. ಮನೆಗೆ ಬಂದು ರಾತ್ರಿ ಲಾಗಿನ್ ಆದೆ. ಅವನು ಆಗಲೇ ಮರದ ಬಳಿ ಇದ್ದ. “ಮುಂಜಾನೆ ಯಾಕ ಗಪ್ಪ ಇದ್ದಿ?” ಎಂದು ಬರೆದ. “ನೀ ಏನ್ ದೊಡ್ಡ ಭಾಷಣ ಮಾಡಿದಿ?” ಎಂದೆ. ಆಮೇಲೆ ಚೀಲದ ಮೇಲೆ ಚೀಲ ತುಂಬುತ್ತ ಅವನ ಅಪ್ಪನ ಸಾಲದಿಂದ ಹಿಡಿದು ಅವನು ಮದುವೆಯಾಗಬೇಕೆಂದಿದ್ದ ಹುಡುಗಿಯವರೆಗೆ ಎಲ್ಲ ಮಾತೂ ಬಂದವು. ಎದುರು ನಿಂತಾಗ ಇಬ್ಬರ ಕೈಗಳಿಗೂ ಕೆಲಸವಿರಲಿಲ್ಲ, ಅದಕ್ಕೇ ಬಾಯಿ ಕಟ್ಟಿತ್ತು. ಗಂಡಸರಿಗೆ ಈ ರೋಗ ಹೆಚ್ಚು ಎಂದು ನನ್ನ ಅನಿಸಿಕೆ.

ಕೂಡಿ ದುಡಿಯುವ ಈ ಸುಖ ಆಟ ಮಾಡಿದವರಿಗೂ ಕೊನೆಗೆ ಗೊತ್ತಾಯಿತು. ಮೊದಲು ಮರ ಉರುಳಿತೆಂದರೆ ಪಕ್ಕದವನ ಮೇಲೆ ಸಿಟ್ಟು ಬರುತ್ತಿತ್ತು, ನನ್ನ ಪಾಲು ಅವನು ತಿಂದ ಎಂದು. 2023ರ ಜೂನ್‌ನಲ್ಲಿ ಒಂದು ಬದಲಾವಣೆ ತಂದರು: ಒಂದೇ ಮರವನ್ನು ಹಲವರು ಕೂಡಿ ಕಡಿದರೆ ಎಲ್ಲರ ಕೈಯೂ ತುಸು ಚುರುಕಾಗುತ್ತದೆ, ಒಬ್ಬೊಬ್ಬ ಜತೆಗಾರನಿಗೆ ಕಣ್ಣಿಗೆ ಕಾಣದ ಒಂದೊಂದು ಲೆವೆಲ್ ಹೆಚ್ಚು, ಹತ್ತರವರೆಗೆ. ಈಗ ಬಂದವನನ್ನು ಜನ ಕರೆದು ನಿಲ್ಲಿಸಿಕೊಳ್ಳುತ್ತಾರೆ.

ಇದೇ ಆಟದವರು ಇನ್ನೊಂದು ಒಳ್ಳೆಯ ಕೆಲಸ ಮಾಡಿದ್ದರು. ನಡುವೆ ಆಟವನ್ನು ಬದಲಿಸಿ ಬದಲಿಸಿ ಹಳಬರಿಗೆ ಗುರುತೇ ಸಿಗದಂತೆ ಮಾಡಿಬಿಟ್ಟಿದ್ದರು. 2013ರಲ್ಲಿ ಜನರನ್ನೇ ಕೇಳಿದರು: 2007ರ ಹಳೆಯ ರೂಪ ನಮ್ಮಲ್ಲಿ ಉಳಿದಿದೆ, ಬೇಕೇ? ಸುಮಾರು ನಾಲ್ಕೂವರೆ ಲಕ್ಷ ವೋಟು ಬಿದ್ದವು. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂದು ಅದೇ ಹಳೆಯ ಲೋಕ ಆ ಫೆಬ್ರವರಿಯಲ್ಲಿ ಮತ್ತೆ ತೆರೆಯಿತು. ಅಲ್ಲಿಂದ ಮುಂದೆ ಹೊಸದೇನು ಸೇರಿಸಬೇಕಾದರೂ ಆಟಗಾರರ ವೋಟಿಗೆ ಹಾಕುವ ಪದ್ಧತಿ ಬಂತು. ಮೊದಲಿಗೆ ನೂರಕ್ಕೆ 75 ಜನ ಹೂಂ ಅನ್ನಬೇಕಿತ್ತು. 2018ರ ಅಕ್ಟೋಬರ್ ಕೊನೆಗೆ ಈ ಆಟ ಫೋನಿಗೂ ಬಂತು. ನೌಕರಿ, ಮದುವೆ, ಮಕ್ಕಳು ಎಂದು ಬಿಟ್ಟುಹೋದ ನನ್ನಂಥವರು ವಾಪಸು ಬಂದದ್ದು ಹಾಗೆ. ಕೂದಲು ಉದುರಿದ ತಲೆಗಳು ಅಲ್ಲೀಗ ಬಹಳ.

ವೇಷ ಹಾಕುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಬರೀ ಅಕ್ಷರಗಳಲ್ಲಿ ನಡೆಯುವ ಇಂಥ ಮೊದಲ ಆಟ ಕಟ್ಟಲು ಶುರುಮಾಡಿದ್ದು 1978ರಲ್ಲಿ. ಅದಕ್ಕೂ ಎಷ್ಟೋ ಮೊದಲು ನಮ್ಮಜ್ಜ ದೊಡ್ಡಾಟದಲ್ಲಿ ದುರ್ಯೋಧನ ಆಗಿದ್ದ. ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ತಾಲೀಮು, ಒಂದು ರಾತ್ರಿಯ ಆಟ. ಬೆಳತನಕ ಕಿರೀಟ ಹೊತ್ತು ಭೀಮನ ಮೇಲೆ ಗುಡುಗಿ, ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಿದ್ದನಂತೆ. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ ಎಂದು ನಾನು ಅಂದುಕೊಂಡಿದ್ದೆ. ಅಜ್ಜಿಯನ್ನು ಕೇಳಿದಾಗ ಗೊತ್ತಾಯಿತು, ಆಕೆ ಕೇಳುತ್ತಲೇ ಇದ್ದಳು: “ಆ ಕಿರೀಟಕ್ಕ, ಆ ಬಣ್ಣಕ್ಕ ಹಾಕಿದ ರೊಕ್ಕದಾಗ ಒಂದ ಆಕಳ ಬರತಿತ್ತು.” ಆಕೆಯ ಲೆಕ್ಕ ಬರೋಬ್ಬರಿಯೇ ಇತ್ತು. ಅಜ್ಜ ಮಾತ್ರ ಆಕಳು ತರಲಿಲ್ಲ.

ಅಜ್ಜಿಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಈ ಆಟಗಳು ಹೊತ್ತು ತಿನ್ನುತ್ತವೆ, ಅದಕ್ಕೇ ಮಾಡಿದವು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು, 2022ರ ಜನವರಿಯಿಂದ ಅದು ಜಾರಿಗೆ ಬಂತು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, ಫೋನು-ಇಂಟರ್ನೆಟ್ಟಿನ ಗೀಳಿಗೆಂದೇ ಷಟ್ ಎಂಬ ಕ್ಲಿನಿಕ್ ತೆರೆದಿತ್ತು. ವೈದ್ಯರು ನೋಡುವುದು ಎಷ್ಟು ತಾಸು ಆಡಿದ ಎಂಬುದನ್ನಲ್ಲ. ಹಿಡಿತ ತಪ್ಪಿದೆಯೇ, ಓದು ಮನೆ ನೌಕರಿ ಎಲ್ಲಕ್ಕಿಂತ ಆಟವೇ ಮೇಲಾಗಿದೆಯೇ, ಹಾನಿ ಕಣ್ಣಿಗೆ ಕಂಡರೂ ಬಿಡಲಾಗುತ್ತಿಲ್ಲವೇ ಎಂದು. ಅದೂ ಸಾಮಾನ್ಯವಾಗಿ ಒಂದು ವರ್ಷದ ಕಾಲ. ಎಕ್ಸ್‌ಪಿ ಎಣಿಸುವ ಚಟಕ್ಕೆ ಬಿದ್ದವರನ್ನು ನಾನು ನೋಡಿದ್ದೇನೆ. ಅವರು ಮರದ ಹತ್ತಿರ ನಿಂತು ಮಾತಾಡುವುದಿಲ್ಲ. ಒಂದು ಉಸಿರಿಗೆ ಎಷ್ಟು, ತಾಸಿಗೆ ಎಷ್ಟು ಎಂದು ಕಾಗದದ ಮೇಲೆ ಲೆಕ್ಕವಿಟ್ಟು ಬೆವರುತ್ತಿರುತ್ತಾರೆ. 99 ಮುಟ್ಟಿದ ದಿನ ಒಂದು ಬಣ್ಣದ ಹೊದಿಕೆ ತೊಟ್ಟು ಎರಡು ಸುತ್ತು ತಿರುಗಿ, ಮರುದಿನ ಇನ್ನೊಂದು ವಿದ್ಯೆಯ ಒಂದನೇ ಲೆವೆಲ್ಲಿಗೆ ಹೋಗಿ ನಿಲ್ಲುತ್ತಾರೆ. ಸಂಬಳವಿಲ್ಲದ ನೌಕರಿ ಅದು, ಆಟವಲ್ಲ.

ಸಂಬಳವಿರುವ ನೌಕರಿಯೂ ಇದರಲ್ಲಿ ಉಂಟು. ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅರ್ಥಶಾಸ್ತ್ರಜ್ಞ 2001ರಲ್ಲಿ ಎವರ್‌ಕ್ವೆಸ್ಟ್ ಎಂಬ ಆಟದ ಲೋಕದ ತಲಾ ಆದಾಯ ಲೆಕ್ಕ ಹಾಕಿದ. ಆಟದ ಸಾಮಾನುಗಳು ಹೊರಗೆ ಮಾರಾಟವಾಗುತ್ತಿದ್ದ ಬೆಲೆ ಹಿಡಿದು ನೋಡಿದರೆ ಅದು ರಷ್ಯಕ್ಕೂ ಬಲ್ಗೇರಿಯಕ್ಕೂ ನಡುವೆ, ಜಗತ್ತಿನಲ್ಲಿ 77ನೆಯ ಶ್ರೀಮಂತ ದೇಶ. ಹೊಟ್ಟೆಪಾಡಿನ ಕತೆ ಇನ್ನೂ ಗಂಭೀರ. 2017ರ ಸುಮಾರಿಗೆ ವೆನೆಜುವೆಲಾದಲ್ಲಿ ದುಡ್ಡಿಗೆ ಬೆಲೆಯೇ ಇಲ್ಲದಾದಾಗ ಅಲ್ಲಿನ ಜನ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಕೊಂದು, ಗಳಿಸಿದ ಚಿನ್ನವನ್ನು ಹೊರಗೆ ಡಾಲರಿಗೆ ಮಾರಿ ರೊಟ್ಟಿ ತಿಂದರು. ಆಟದ ನಿಯಮಕ್ಕೆ ಅದು ವಿರುದ್ಧ. ಅವರನ್ನು ಹುಡುಕಿ ಕೊಲ್ಲುವುದನ್ನೇ ಮೋಜು ಮಾಡಿಕೊಂಡ ಆಟಗಾರರೂ ಇದ್ದರು. ಕೆಲವರ ರಜೆ ಇನ್ನು ಕೆಲವರ ಕೂಲಿ ಆದಾಗ ಎಂಥ ಒಳ್ಳೆಯ ಆಟವೂ ಹೊಲಸಾಗುತ್ತದೆ. ಎದುರಿಗಿರುವ ವೇಷದ ಹಿಂದೆ ಹಸಿದವನೊಬ್ಬ ಇರಬಹುದು ಎಂಬುದನ್ನು ಅಂದಿನಿಂದ ನಾನು ಮರೆತಿಲ್ಲ.

ಪಕ್ಕದ ಮನೆಯ ಕಾಕಾ ಒಬ್ಬರು ಇದು ರಮ್ಮಿಯ ತಮ್ಮ ಎಂದೇ ತಿಳಿದಿದ್ದಾರೆ. “ಎಷ್ಟ ಹೋತೋ ಇವತ್ತ?” ಎಂದು ಕೇಳುತ್ತಾರೆ. ಅವರ ತಪ್ಪಲ್ಲ. ನಮ್ಮ ರಾಜ್ಯ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಕಡಿವಾಣ ಹಾಕಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಇಷ್ಟೆಲ್ಲ ಗದ್ದಲದಲ್ಲಿ ಆನ್‌ಲೈನ್ ಆಟ ಎಂದರೆ ಜೂಜು ಎಂದು ಹಿರಿಯರ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಆಟದಲ್ಲಿ ಪಣವಿಲ್ಲ. ಆದರೂ ಕಾಕಾನ ಗುಮಾನಿ ಪೂರ್ತಿ ಸುಳ್ಳಲ್ಲ. ಈಚಿನ ಎಷ್ಟೋ ಫೋನಿನ ಆಟಗಳಲ್ಲಿ ಮುಚ್ಚಿದ ಪೆಟ್ಟಿಗೆ ಕೊಂಡುಕೊಂಡು ಒಳಗೆ ಏನಿದೆಯೋ ಎಂದು ಎದೆ ಹೊಡಕೊಳ್ಳುವುದೇ ಮುಖ್ಯ ಸಂಗತಿ. ಅಂಥದಕ್ಕೆ ನನ್ನ ಸಾಕ್ಷಿ ಕೇಳಬೇಡಿ.

ಆಡುವುದರಲ್ಲಿ ಅರ್ಥವಿದೆಯೇ ಎಂಬ ಪ್ರಶ್ನೆಗೆ ನಾರ್ವೆಯ ಒಂದು ಮನೆಯಲ್ಲಿ ಉತ್ತರ ಸಿಕ್ಕಿದೆ. ಮ್ಯಾಟ್ಸ್ ಸ್ಟೀನ್ ಎಂಬ ಹುಡುಗನಿಗೆ ಸ್ನಾಯು ಕ್ಷೀಣಿಸುವ ಡುಶೆನ್ ಎಂಬ ಕಾಯಿಲೆ. ಗಾಲಿಕುರ್ಚಿಯಲ್ಲಿ ಕೂತು ವರ್ಷಗಟ್ಟಲೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದ. ಅಲ್ಲಿ ಅವನ ಹೆಸರು ಇಬೆಲಿನ್. 2014ರಲ್ಲಿ, 25ನೇ ವಯಸ್ಸಿಗೆ, ತೀರಿಕೊಂಡ. ಮಗ ಗೆಳೆಯರಿಲ್ಲದೆ, ಪ್ರೀತಿಯಿಲ್ಲದೆ, ಯಾರಿಗೂ ಬೇಕಾಗದೆ ಹೋದನಲ್ಲ ಎಂದು ಅಪ್ಪ ಅಮ್ಮ ಕೊರಗಿದರು. ಸಾವಿನ ಸುದ್ದಿ ತಿಳಿಸಿದಾಗ ಯುರೋಪಿನ ಮೂಲೆಮೂಲೆಯಿಂದ ಪತ್ರಗಳು ಬರತೊಡಗಿದವು. ಅವನು ಸಮಾಧಾನ ಹೇಳಿದವರು, ಅವನ ಮಾತಿನಿಂದ ತಮ್ಮ ಮಕ್ಕಳ ಜತೆ ಮತ್ತೆ ಮಾತು ಬೆಳೆಸಿದವರು, ಅವನ ಗುಂಪಿನ ಜತೆಗಾರರು. ಕೆಲವರು ಅಂತ್ಯಕ್ರಿಯೆಗೂ ಬಂದರು. 2024ರಲ್ಲಿ ಬೆಂಜಮಿನ್ ರೇ ಅವನ ಮೇಲೆ ಮಾಡಿದ ಸಾಕ್ಷ್ಯಚಿತ್ರ ಎಲ್ಲೆಡೆ ಹೆಸರಾಯಿತು. ಇಬೆಲಿನ್ ಎಷ್ಟನೇ ಲೆವೆಲ್ಲಿನಲ್ಲಿದ್ದ ಎಂದು ಆ ಪತ್ರಗಳಲ್ಲಿ ಯಾರೂ ಬರೆದಿರಲಿಕ್ಕಿಲ್ಲ.

ಹೀಗಾಗಿ ನನ್ನ ತೀರ್ಪು ಇದು. ನೀವು ಒಂದು ವಾರ ಬರದಿದ್ದರೆ ‘ಎಲ್ಲಿ ಹೋದ ಇವನು’ ಎಂದು ಕೇಳುವ ಒಬ್ಬನಾದರೂ ಅಲ್ಲಿದ್ದರೆ ಆ ಆಟ ಆಡಲು ಯೋಗ್ಯ. ಕೇಳುವುದು ಬರೀ ಕಂಪನಿಯ ನೋಟಿಫಿಕೇಶನ್ ಆಗಿದ್ದರೆ ಈ ಹೊತ್ತೇ ತೆಗೆದುಹಾಕಿ. ಲೆವೆಲ್ಲಿನ ಆಸೆ, ದುಡ್ಡಿನ ಆಸೆ ಎರಡನ್ನೂ ಹೊರಗೆ ಬಿಟ್ಟು ಒಳಗೆ ಬರುವುದಾದರೆ ಬನ್ನಿ. ಪುಕಟ ಲೋಕಗಳು ಇವತ್ತಿಗೂ ಇವೆ. ಕಾರ್ಡಿನ ನಂಬರು ಕೊಡಬೇಡಿ, ಅಲ್ಲೇ ಇರಿ. ವಿಲೋಗೆ 30ನೇ ಲೆವೆಲ್ ಬೇಕು, ಅಲ್ಲಿಯವರೆಗೆ ಮೊದಲು ಸಾದಾ ಮರ, ಆಮೇಲೆ ಓಕ್ ಕಡಿಯಿರಿ. ಆಟದೊಳಗೆ ಕನ್ನಡ ಅಕ್ಷರ ಮೂಡುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ‘ಯಾರರ ನಮ್ಮ ಕಡ್ಯಾವರ ಅದಾರೇನು’ ಎಂದು ಬರೆದು ನೋಡಿ. ಊಟಕ್ಕೆ ಕರೆದರೆ ಮಾತ್ರ ನಡುವೆಯೇ ಬಿಟ್ಟು ಎದ್ದು ಹೋಗಿ. ವಿಲೋ ಮರ ಮತ್ತೆ ಬೆಳೆಯಲು ಕೆಲವೇ ಸೆಕೆಂಡು ಸಾಕು.